ಪಿನ್ನು ಹಾಕಿದ ಕೊನೆಯ ಅಧ್ಯಾಯ

ಆಸ್ಟಿನ್‌ನಲ್ಲಿರುವ ಮಗಳು ಅನಘ ತನ್ನ ನಾಯಿ ಗುಂಡನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಸ್ಕ್ಯಾನಿನಲ್ಲಿ ಏನಿದೆಯೆಂದು ಇವತ್ತು ಹೇಳುತ್ತಾರಂತೆ. ಅವಳ ಫೋನಿಗೆ ಕಾಯುತ್ತಾ, ಕೈಗೆ ಏನಾದರೂ ಕೆಲಸವಿರಲಿ ಎಂದು ಹಳೆಯ ಕಪಾಟನ್ನು ಹರವಿಕೊಂಡು ಕೂತೆ. ಒಂದು ಮಕ್ಕಳ ಪುಸ್ತಕ ಸಿಕ್ಕಿತು. ಕೊನೆಯ ಪುಟಗಳ ಮೂಲೆಯಲ್ಲಿ ತುಕ್ಕಿನ ಎರಡು ಚುಕ್ಕೆ. ನನ್ನ ಸೇಫ್ಟಿಪಿನ್ನಿನ ಗುರುತು. ನಾಚಿಕೆಯ ಕತೆ, ಆದರೂ ಹೇಳಿಬಿಡುತ್ತೇನೆ.

ಆಗಲೂ ಇದೇ ಇರ್ವಿಂಗ್‌ನಲ್ಲಿದ್ದೆವು, ಅನಘ ಮೂರನೇ ಕ್ಲಾಸು. ಯಾರೆದುರಾದರೂ ಗಟ್ಟಿಯಾಗಿ ಓದು ಎಂದರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಶನಿವಾರ ಲೈಬ್ರರಿಗೆ ಕಳಿಸಿ, ಅಲ್ಲಿ ನಾಯಿಗೆ ಓದಿ ಹೇಳಲಿ ಎಂದರು ಟೀಚರು. ತಮಾಷೆ ಇರಬೇಕು ಅಂದುಕೊಂಡೆ. ಹೋಗಿ ನೋಡಿದರೆ ಮರ್ಫಿ ಎಂಬ ಮುದಿ ಲ್ಯಾಬ್ರಡಾರ್ ಚಾಪೆಯ ಮೇಲೆ ಮಲಗಿತ್ತು; ಮಕ್ಕಳು ಸರದಿಯಲ್ಲಿ ಬಂದು ಅದಕ್ಕೆ ಓದುತ್ತಿದ್ದರು. ತಪ್ಪು ತಿದ್ದುವ ಚಟ ಅದಕ್ಕಿರಲಿಲ್ಲ. ನನಗೋ, ಮೈಸೂರಿನ ಬೀದಿನಾಯಿ ಕಂಡರೆ ರಸ್ತೆ ದಾಟುತ್ತಿದ್ದವಳಿಗೆ, ನಾಲ್ಕು ಕುರ್ಚಿ ಆಚೆ ಕಾಲು ಮೇಲೆತ್ತಿ ಕೂರುವುದೇ ದೊಡ್ಡ ಸಾಹಸ.

ಮರ್ಫಿಗೆ ಓದಲೆಂದು ಅನಘ ಪುಸ್ತಕದಂಗಡಿಯಲ್ಲಿ ಆರಿಸಿಕೊಂಡದ್ದೂ ನಾಯಿಯ ಕಾದಂಬರಿಯೇ. ನೀವು ಗಮನಿಸಿದ್ದೀರೋ ಇಲ್ಲವೋ, ಈ ದೇಶದ ಕತೆಗಳಲ್ಲಿ ನಾಯಿ ಹುಡುಗನನ್ನು ಹೊಳೆಯಿಂದ ಎಳೆದು ತರುತ್ತದೆ, ಕಾಡುಪ್ರಾಣಿಗೆ ಎದುರು ನಿಲ್ಲುತ್ತದೆ, ಪುಸ್ತಕ ಮುಗಿಯುವಷ್ಟರಲ್ಲಿ ಸತ್ತಿರುತ್ತದೆ. ಮಕ್ಕಳಿಗೆ ಸಾವಿನ ಪರಿಚಯ ಮಾಡಿಸುವ ಕೆಲಸವನ್ನು ಇವರು ನಾಯಿಗೆ ವಹಿಸಿದ್ದಾರೆ. ನಾನು ಮೊದಲೇ ಕೊನೆ ನೋಡಿ, ಆ ಅಧ್ಯಾಯಕ್ಕೆ ಪಿನ್ನು ಚುಚ್ಚಿ, "ಪ್ರಿಂಟಿಂಗ್ ಸರಿ ಇಲ್ಲ ಪುಟ್ಟಾ, ಇಲ್ಲಿಗೇ ಮುಗೀತು" ಎಂದುಬಿಟ್ಟೆ.

ಅವಳು ನಂಬಲಿಲ್ಲ. ಆ ಶನಿವಾರ ಮರ್ಫಿಯ ಪಕ್ಕದಲ್ಲೇ ಪಿನ್ನು ಬಿಚ್ಚಿ, ಮನಸ್ಸಿನಲ್ಲೇ ಓದಿಕೊಂಡಳು. ಮೂಗು ಕೆಂಪಾಯಿತು. ಪುಸ್ತಕ ಮುಚ್ಚಿ ಮರ್ಫಿಯ ಕಿವಿಯ ಹತ್ತಿರ ಬಗ್ಗಿ, "ಆ ನಾಯಿ ಸತ್ತೋಯ್ತು. ಹುಡ್ಗ ತುಂಬಾ ಅಳ್ತಾನೆ. ಮರದ ಕೆಳಗೆ ಮಣ್ಣು ಮುಚ್ತಾರೆ" ಎಂದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಎಲ್ಲೂ ತಡವರಿಸದೆ.

ಕಾರಿನಲ್ಲಿ ಕೇಳಿದೆ, "ಯಾಕೆ ಕನ್ನಡದಲ್ಲಿ ಹೇಳ್ದೆ?"

"ಮರ್ಫಿ ಓನ್ಲಿ ನೋಸ್ ಇಂಗ್ಲಿಷ್, ಅಮ್ಮ. ಹಿ ವುಡ್ ಫೀಲ್ ಸ್ಯಾಡ್."

ಅಂಗಡಿಯಲ್ಲಿ ಎದುರಿಗಿದ್ದವರಿಗೆ ತಿಳಿಯದಿರಲೆಂದು ನಾನೂ ನನ್ನ ಗಂಡನೂ ಥಟ್ಟನೆ ಕನ್ನಡಕ್ಕೆ ಹೊರಳುತ್ತಿದ್ದೆವು. ನೋಡಿ ಕಲಿತಿದ್ದಳು. ನಾವು ಅವರ ಟೋಪಿಯನ್ನೋ ಹೊಟ್ಟೆಯನ್ನೋ ಆಡಿಕೊಳ್ಳುವುದಕ್ಕೆ ಬಳಸಿದ ಉಪಾಯವನ್ನು ಮಗು ಒಂದು ಜೀವ ನೋಯದಿರಲೆಂದು ಬಳಸಿತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಇಷ್ಟು ನೆನೆಯುವಷ್ಟರಲ್ಲಿ ಫೋನ್ ಬಂತು. ಅನಘ ಈಗಲೂ ನನ್ನೊಡನೆ ಇಂಗ್ಲಿಷೇ.

"ಅಮ್ಮ," ಎಂದಳು, "ಗುಂಡ ಇಲ್ಲೇ ಪಕ್ಕದಲ್ಲಿದಾನೆ. ಅದಕ್ಕೇ ಕನ್ನಡದಲ್ಲಿ ಹೇಳ್ತೀನಿ."

ಉಳಿದದ್ದನ್ನು ಅವಳು ಹೇಳಬೇಕಾಗಿರಲಿಲ್ಲ. ಈಗಲೇ ಹೊರಡುತ್ತೇನೆ, ಮೂರು ತಾಸಿನ ಡ್ರೈವ್ ಅಷ್ಟೇ ಎಂದೆ. ಆಮೇಲೆ ಫೋನನ್ನು ಗುಂಡನ ಕಿವಿಗೆ ಹಿಡಿಯಲು ಹೇಳಿ, ನನಗೆ ಬರುವ ಇಂಗ್ಲಿಷಿನಲ್ಲಿ, ನಾಳೆ ನಾವಿಬ್ಬರೂ ವಾಕಿಂಗ್ ಹೋಗೋಣ ಎಂದೆ. ಆ ಕಡೆಯಿಂದ ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು.