ಮುಲ್ಕಿ ಪರೀಕ್ಷೆಯ ಹಿಂದಿನ ಸಂಜೆ

ಹಾಸ್ಟೆಲುಗಳಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂದು ಶಾಸಕಿಯಾಗಿದ್ದ ನನ್ನ ಅಕ್ಕ ಹಟ ಹಿಡಿದಾಗ, ಇಷ್ಟು ಧೈರ್ಯ ಅವಳಿಗೆ ಎಲ್ಲಿಂದ ಬಂತೆಂದು ನನ್ನನ್ನು ಕೇಳಿದವರುಂಟು. ನಾನು ಅದನ್ನು ಕಣ್ಣಾರೆ ಕಂಡವಳು.

ಐವತ್ತರ ದಶಕದ ಮಾತು. ಇಳಕಲ್ಲಿನ ಊರಾಚೆಯ ಕೇರಿ ನಮ್ಮದು. ಅವ್ವ ತೀರಿಕೊಂಡಿದ್ದಳು, ಅಪ್ಪ ಚಪ್ಪಲಿ ಹೊಲಿದು ನಮ್ಮಿಬ್ಬರನ್ನು ಸಾಕುತ್ತಿದ್ದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತ ನಮ್ಮ ಕೇರಿಯ ಮೊದಲ ಹುಡುಗಿ ಅಕ್ಕ. ಪರೀಕ್ಷೆ ಇದ್ದದ್ದು ಬಾಗಲಕೋಟೆಯಲ್ಲಿ. ಸಾಲೆಯ ಮಾಸ್ತರರು ಅಲ್ಲಿ ತಮ್ಮ ಪರಿಚಯದವರ ಮನೆಯಲ್ಲಿ ಹುಡುಗಿಯರಿಗೆ ವಸತಿ ಗೊತ್ತುಮಾಡಿದ್ದರು. ಸಣ್ಣವಳಾದ ನನ್ನೊಬ್ಬಳನ್ನೇ ಬಿಟ್ಟು ಬರಲಾಗದೆ ಅಪ್ಪ ನನ್ನನ್ನೂ ಕರೆತಂದಿದ್ದ.

ಸಂಜೆ ಊಟಕ್ಕೆ ಕರೆದರು. ಉಳಿದ ಹುಡುಗಿಯರಿಗೆ ಪಡಸಾಲೆಯಲ್ಲಿ ತಾಟು ಇಟ್ಟಿದ್ದರು. ನಮ್ಮಿಬ್ಬರಿಗೆ ಹೊರಗೆ, ದನದ ಕೊಟ್ಟಿಗೆಯ ಮಗ್ಗುಲಿಗೆ, ಎಲೆ ಹಾಕಿದ್ದರು. ರೊಟ್ಟಿ, ಝುಣಕದ ವಾಸನೆಗೆ ನನಗೆ ಬಾಯಲ್ಲಿ ನೀರೂರಿತು. ಕೂರಲು ಹೋದವಳನ್ನು ಅಕ್ಕ ಕೈ ಹಿಡಿದು ನಿಲ್ಲಿಸಿದಳು.

"ಅವ್ವಾರ, ನಾಳೆ ಪರೀಕ್ಷಾದಾಗ ಎಲ್ಲಾರೂ ಒಂದ ಖೋಲ್ಯಾಗ ಕುಂಡ್ರತೀವಿ. ಇಲ್ಲಿ ಯಾಕ ಬ್ಯಾರೆರಿ? ಎಲ್ಲಾರ ಜೋಡಿ ಆದ್ರ ಉಣ್ತೇನಿ, ಇಲ್ಲಂದ್ರ ಬ್ಯಾಡ್ರಿ," ಎಂದಳು ಮನೆಯೊಡತಿಗೆ. ದನಿ ಏರಿರಲಿಲ್ಲ.

ಅಂಗಳದ ಬಾಗಿಲಲ್ಲಿದ್ದ ಅಪ್ಪ ಅಲ್ಲಿಂದಲೇ ಬೇಡಿಕೊಂಡ. "ಸುಮ್ನ ಉಂಡು ಏಳವ್ವಾ. ನಾಳೆ ಬರಿಯೂದೈತಿ."

"ಇಲ್ಲಪ್ಪಾ."

ಪಡಸಾಲೆಯಲ್ಲಿದ್ದ ನೇಕಾರರ ಮನೆಯ ಹುಡುಗಿ, ಅಕ್ಕನ ಗೆಳತಿ, ತಾಟು ಸರಿಸಿ ಎದ್ದಳು. "ಹಂಗಾರ ನನಗೂ ಬ್ಯಾಡ್ರಿ." ಆಮೇಲೆ ಯಾರೂ ತುತ್ತು ಎತ್ತಲಿಲ್ಲ. ಕಡೆಗೆ ಮನೆಯೊಡತಿಯ ಅತ್ತೆ, ಬಾಗಿದ ಬೆನ್ನಿನ ಮುದುಕಿ, ಹೊರಗೆ ಬಂದಳು. "ಪರೀಕ್ಷಾ ಬರಿಯೂ ಹುಡುಗ್ಯಾರು ಹಸದು ಮಲಗೂದು ಬ್ಯಾಡ. ಎಲ್ಲಾರಿಗೂ ಅಂಗಳದಾಗ ಬಡಸು," ಎಂದು ಸೊಸೆಗೆ ಹೇಳಿ ತಾನೇ ಚಾಪೆ ಹಾಸಿದಳು. ಒಂದೇ ಸಾಲಿನಲ್ಲಿ ಕೂತು ಉಂಡೆವು.

ನನಗೆ ಅದು ದೊಡ್ಡ ಗೆಲುವು. ಅಕ್ಕನಿಗಲ್ಲ. ಕೈ ತೊಳೆಯುವಾಗ ನನ್ನ ಕಿವಿಯಲ್ಲಿ, "ಅವರು ಹೊರಗ ಬಂದ್ರು, ಖರೆ. ನಮ್ಮನ್ನ ಒಳಗ ಕರೀಲಿಲ್ಲ. ಅರ್ಧಾ ಕೆಲಸ ಉಳದೈತಿ," ಎಂದಳು. ಆ ಉಳಿದ ಅರ್ಧಕ್ಕೇ ಅವಳು ಮುಂದಿನ ಬದುಕನ್ನೆಲ್ಲ ಕೊಟ್ಟಳು. ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ತನ್ನ ಮೇಲೆ ಕಲ್ಲು ತೂರಿದವರ ಮನೆಗೂ ಮಾರನೆಯ ದಿನ ಹೋಗಿ, ಮಾತಾಡಿ ಬರುತ್ತಿದ್ದಳು. ಇಂಥವಳ ತಂಗಿ ನಾನು ಎಂದು ಹೇಳಿಕೊಳ್ಳಲು ಈಗಲೂ ನನಗೆ ಎದೆಯುಬ್ಬುತ್ತದೆ.

ಪರೀಕ್ಷೆ ಮುಗಿಸಿ ಊರಿಗೆ ಹೊರಟಾಗ ಬಸ್ಸಿನಲ್ಲಿ ಜಾಗವಿತ್ತು. ಜಾಗವಿದ್ದರೂ ಅಪ್ಪ ಹಿಂದೆ ನಿಂತೇ ಬರುವವನು. ಅವತ್ತು ಮುಂದಿನ ಸೀಟಿನಲ್ಲಿ ಅಕ್ಕನ ಮಗ್ಗುಲಿಗೆ ಕೂತ. ಎದುರಿನ ಗೌಡರೊಬ್ಬರು ಅವನನ್ನು ಮೇಲೆ ಕೆಳಗೆ ನೋಡಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಅಪ್ಪ ರುಮಾಲು ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ: "ನನ್ನ ಮಗಳ್ರಿ ಈಕಿ. ಮುಲ್ಕಿ ಬರದು ಬಂದಾಳ."