ಒರೆಸಿದ ಕುರ್ಚಿ

ನಮ್ಮ ಡಾಕ್ಟ್ರಮ್ಮನ ಕೈಯಲ್ಲಿ ಬಳೆ ಇರುತ್ತಿರಲಿಲ್ಲ. ಉಂಗುರವಿಲ್ಲ, ಉಗುರಿಗೆ ಬಣ್ಣವಿಲ್ಲ. ತೊಳೆದೂ ತೊಳೆದೂ ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗಿರುತ್ತಿತ್ತು. ಹುಣಸೂರಿನ ಅವರ ಹಲ್ಲಿನ ಕ್ಲಿನಿಕ್ಕಿಗೆ ಮೊದಲ ಸಲ ಬಂದ ಹೆಂಗಸರು ನನ್ನ ಕಿವಿಯಲ್ಲಿ, "ಪಾಪ, ಯಜಮಾನ್ರು ಯಾವಾಗ ಹೋದ್ರಂತೆ?" ಎಂದು ಕೇಳುತ್ತಿದ್ದರು. ಯಜಮಾನರು ಗುಂಡುಕಲ್ಲಿನ ಹಾಗಿದ್ದರು! ಬಳೆಗಳು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದವು. "ಬಳೆ ಸಂದೀಲಿ ಕೂತ ಕ್ರಿಮಿಗೆ ಮುತ್ತೈದೆ ಅಂತ ಕರುಣೆ ಬರಲ್ಲ ಕಣೇ," ಎನ್ನುತ್ತಿದ್ದರು. ಸಂಜೆ ಬೀಗ ಹಾಕುವಾಗಲೇ ಅವು ಕೈ ಸೇರುತ್ತಿದ್ದದ್ದು.

ಅವರ ಬಳಿ ಸಹಾಯಕಿಯಾಗಿ ಸೇರಿದ ಹೊಸದರಲ್ಲಿ ನನಗೆ ಇದೆಲ್ಲ ಅತಿಯಾಯಿತು ಅನಿಸಿತ್ತು. ಬೆಳಗ್ಗೆ ಬಂದವರೇ ಹಲ್ಲು ತೊಳೆಯುವ ಪೈಪನ್ನು ತಿರುಗಿಸಿ ಸುಮ್ಮನೆ ನೀರು ಹರಿಯಬಿಡುತ್ತಿದ್ದರು. ಪೋಲಲ್ಲವಾ ಎಂದೆ. "ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರನ್ನ ನೀನು ಕುಡೀತೀಯಾ? ಮತ್ತೆ ಇನ್ನೊಬ್ಬರ ಬಾಯಿಗೆ ಯಾಕೆ ಬಿಡ್ತೀಯಾ?" ಎಂದರು. ಒಬ್ಬ ರೋಗಿ ಎದ್ದರೆ ಸಾಕು, ಕುರ್ಚಿ, ಅದರ ತೋಳು, ದೀಪದ ಹಿಡಿ ಎಲ್ಲಕ್ಕೂ ಔಷಧಿ ಸಿಂಪಡಿಸಿ ಒರೆಸಬೇಕು. ಆ ಪಸೆ ಆರುವವರೆಗೆ ಯಾರೂ ಕೂರುವಂತಿಲ್ಲ. ಹೊಗೆಸೊಪ್ಪಿನ ಹರಾಜಿಗೆ ಹೊರಟಿದ್ದ ದೊಡ್ಡ ರೈತರೊಬ್ಬರು, "ಪಂಚೆ ನೆಂದ್ರೆ ನೆನೀಲಿ ಬುಡಿ ಡಾಕ್ಟ್ರೇ, ಕೂರ್ತೀನಿ," ಎಂದು ಅವಸರ ಮಾಡಿದರು. "ನಾನು ಕಾಯ್ತಿರೋದು ನಿಮ್ಮ ಪಂಚೆಗಲ್ಲ ಯಜಮಾನ್ರೇ, ಕ್ರಿಮಿ ಸಾಯ್ಲಿ ಅಂತ," ಎಂದು ನಿಲ್ಲಿಸಿಯೇಬಿಟ್ಟರು. ನನಗೆ ಒಳಗೊಳಗೇ ಖುಷಿ.

ಒಂದು ದಿನ ಕಟ್ಟೆಮಳಲವಾಡಿಯಿಂದ ನನ್ನ ಅವ್ವನನ್ನೇ ಕರೆತಂದೆ. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ಕೆನ್ನೆ ಬನ್ನಿನ ಹಾಗೆ ಊದಿತ್ತು. ಮುದ್ದೆ ನುಂಗಲೂ ಆಗುತ್ತಿರಲಿಲ್ಲ. ಡಾಕ್ಟ್ರಮ್ಮ ಅಕ್ಕರೆಯಿಂದಲೇ ನೋಡಿದರು. ಎಕ್ಸ್‌ರೇ ತೆಗೆಯೋಣ ಎಂದು ಎಬ್ಬಿಸಿದರು. ಎಬ್ಬಿಸಿ, ಅಭ್ಯಾಸದಂತೆ ಕುರ್ಚಿ ಒರೆಸತೊಡಗಿದರು.

ಅವ್ವ ತಿರುಗಿ ನೋಡಿದಳು. ಕಂಡವರ ಹೊಲದಲ್ಲಿ ಕೂಲಿ ಮಾಡಿ ನಮ್ಮನ್ನು ಸಾಕಿದವಳು ಅವಳು. ತಾನು ಕೂತೆದ್ದ ಜಗಲಿಗೆ ನೀರು ಹಾಕುವುದನ್ನು ಕಣ್ಣಾರೆ ಕಂಡಿದ್ದಳು.

"ನಡಿಯವ್ವಾ ಮನ್ಗೆ," ಎಂದಳು. "ನಾವ್ ಕುಂತ ಜಾಗ ಈಗ್ಲೂ ತೊಳೀತಾರೆ. ಹಲ್ಲು ಕೊಳ್ತು ಬಿದ್ದೋಗ್ಲಿ. ನೀನೂ ಇಲ್ಲಿ ಗೇಯೋದು ಬ್ಯಾಡ."

ಡಾಕ್ಟ್ರಮ್ಮನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಅವರು ಬಾಗಿಲಿಗೆ ಬರುವಷ್ಟರಲ್ಲಿ ಅವ್ವ ಬೀದಿ ಸೇರಿದ್ದಳು.

ಮನೆಯಲ್ಲಿ ನಾನು ಎಷ್ಟು ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ಜ್ವರ ಬಂತು. ಕೀವು ನೆತ್ತರಿಗೆ ಸೇರಿದರೆ ಏನು ಗತಿ ಎಂದು ನನ್ನ ಜೀವ ಕೈಯಲ್ಲಿತ್ತು. ಮಾರನೆಯ ಸಂಜೆ ಡಾಕ್ಟ್ರಮ್ಮ ಸ್ಕೂಟರಿನಲ್ಲಿ ನಮ್ಮ ಮನೆಗೇ ಬಂದರು. ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ತಪ್ಪು ನಂದು ಕಣವ್ವಾ. ಯಾಕೆ ಅಂತ ಹೇಳದೆ ಒರೆಸಿದೆ. ನಾಳೆ ಬನ್ನಿ, ಸುಮ್ನೆ ಕೂತು ನೋಡಿ. ಆಮೇಲೂ ಕೋಪ ಇದ್ರೆ ಬೇರೆ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ನೋವು ತಾಳಲಾರದೆಯೋ ಏನೋ, ಅವ್ವ ಬಂದು ಮೂಲೆಯ ಸ್ಟೂಲಿನಲ್ಲಿ ಕೂತಳು. ಕುರ್ಚಿಯಲ್ಲಿ ಡಾಕ್ಟ್ರಮ್ಮನ ಅತ್ತೆ ಇದ್ದರು. ಆ ಮನೆಯಲ್ಲಿ ಮಡಿಯೆಂದರೆ ಅವರೇ. ಅವರು ಇಳಿದದ್ದೇ ತಡ, ಸೊಸೆ ಔಷಧಿ ಸಿಂಪಡಿಸಿ ಒರೆಸಿದರು.

"ಏನೇ ಇದು! ತಲೆಗೆ ಸ್ನಾನ ಮಾಡಿ, ಪೂಜೆ ಮುಗಿಸಿ ಬಂದಿದೀನಿ. ನಾನು ಕೂತಿದ್ದಕ್ಕೂ ಒರೆಸ್ತೀಯಾ?"

"ದೇವರ ಮನೇಲಿ ನಿಮ್ಮ ಮಡಿ ಅತ್ತೆ. ಈ ಕುರ್ಚಿಗೆ ಎಲ್ಲರ ಬಾಯೂ ಒಂದೇ."

ಅವ್ವ ಊದಿದ ಕೆನ್ನೆ ಹಿಡಿದುಕೊಂಡು ನಕ್ಕಳು. "ಅತ್ತೇನೇ ಬುಡ್ನಿಲ್ಲ, ಇನ್ನು ನನ್ನ ಬುಟ್ಟಾರಾ!" ಎಂದಳು. ಪಸೆ ಆರಿದ ಕೂಡಲೇ ತಾನೇ ಹೋಗಿ ಕುರ್ಚಿ ಹತ್ತಿದಳು. ಅತ್ತೆಗೂ ನಗು ತಡೆಯಲಾಗಲಿಲ್ಲ. ಕೀವು ಹೋಯಿತು, ಅವ್ವ ಉಳಿದಳು.

ಅಂದಿನಿಂದ ಕ್ಲಿನಿಕ್ಕಿನ ರೀತಿಯೇ ಬದಲಾಯಿತು. ಎದ್ದವರು ಹೊರಗೆ ಹೋದ ಮೇಲೆ, ಮುಂದಿನವರನ್ನು ಒಳಗೆ ಕರೆದು, ಅವರ ಕಣ್ಣೆದುರೇ ಒರೆಸುತ್ತಿದ್ದರು. "ನಿಮಗೋಸ್ಕರ ಒರೆಸ್ತಾ ಇದೀನಿ, ಒಂದು ಗಳಿಗೆ ನಿಲ್ಲಿ," ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ನಾನೀಗ ಬೇರೆ ಡಾಕ್ಟರ ಬಳಿ ಇದ್ದೇನೆ. ಅಲ್ಲೂ ನಾನು ಹೇಳುವುದು ಇದೇ ಮಾತು.

ಕಳೆದ ವರ್ಷ ಡಾಕ್ಟ್ರಮ್ಮ ಹೋಗಿಬಿಟ್ಟರು. ಕಾಯಿಲೆ ಅವರಿಗೆ ಹೆಚ್ಚು ಸಮಯ ಕೊಡಲಿಲ್ಲ. ಅವ್ವನೂ ನಾನೂ ಅವರ ಮನೆಗೆ ಹೋದಾಗ ಎರಡೂ ಕೈಗೆ ಹಸಿರು ಬಳೆ ತೊಡಿಸಿ ಮಲಗಿಸಿದ್ದರು. ಹಗಲು ಹೊತ್ತಿನಲ್ಲಿ ಆ ಕೈಗಳಲ್ಲಿ ಬಳೆ ಕಂಡದ್ದು ಅದೇ ಮೊದಲು.

ಅವ್ವ ಹಳೆಯ ಅಭ್ಯಾಸದಂತೆ ಹೊಸ್ತಿಲಾಚೆಯೇ ನಿಂತುಬಿಟ್ಟಳು. ಸೊಸೆಯ ತಲೆಯ ಬಳಿ ಕೂತಿದ್ದ ಅತ್ತೆ ಕತ್ತೆತ್ತಿ ನೋಡಿದರು. ಸರಿದು ಜಾಗ ಮಾಡಿ, ತಮ್ಮ ಸೆರಗಿನಿಂದ ಪಕ್ಕದ ಚಾಪೆಯನ್ನು ಒರೆಸಿದರು.

"ಒರೆಸಿದೀನಿ," ಎಂದರು. "ಬನ್ನಿ, ಕೂತ್ಕೊಳ್ಳಿ."

ಅವ್ವ ಒಳಗೆ ಹೋಗಿ ಅವರ ಪಕ್ಕ ಕೂತಳು.