ನನ್ನ ಕೈಯ ಬೀಜ

ಸಿರಸಂಗಿಯ ನಮ್ಮ ಮನೆಯಲ್ಲಿ ಬಿತ್ತನೆಯ ಜೋಳ ಕಾಯ್ದಿಡುವ ಕೆಲಸ ಹೆಂಗಸರದು. ಅತ್ತೆ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಸುಗ್ಗಿಯಲ್ಲಿ ದಪ್ಪ ತೆನೆಗಳನ್ನು ನಾನೇ ಆರಿಸಿ, ಬಡಿದು, ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಗುಡಾಣಗಳಿಗೆ ತುಂಬುತ್ತಿದ್ದೆ. ಎಪ್ಪತ್ತರ ದಶಕದ ಆರಂಭದ ಹೊತ್ತಿಗೆ ರಾಮದುರ್ಗದ ಕಡೆಯ ಸಾಲಹಳ್ಳಿಯಿಂದಲೂ ಜನ ಬರುತ್ತಿದ್ದರು. ತಿನ್ನುವ ಜೋಳ ತಂದು ಸುರಿದು, ಅಷ್ಟೇ ಅಳತೆಯ ಬೀಜ ಒಯ್ಯುವುದು ರೂಢಿ. ಯಾರೂ ಕಾಳು ಪರೀಕ್ಷಿಸುತ್ತಿರಲಿಲ್ಲ. "ಅಕ್ಕಾರ ಕೈಯಾಗಿನ ಬೀಜ ಅಂದ್ರ ಮುಗೀತ್ರಿ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನ್ನ ನಡಿಗೆಯೇ ಬೇರೆ ಇರುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ವರ್ಷ ಬಿತ್ತುವ ಹೊತ್ತಿಗೇ ತಂಗಿಯ ಬಾಣಂತನಕ್ಕೆಂದು ಬೈಲಹೊಂಗಲಕ್ಕೆ ಹೋಗಬೇಕಾಯಿತು. ಬೀಜದ ಗುಡಾಣಗಳನ್ನು ಮೈದುನನಿಗೆ ತೋರಿಸಿ ಹೋದೆ. ಅವನು ಅಷ್ಟನ್ನೂ ಚಕ್ಕಡಿಗೆ ಹೇರಿ ಹೆಂಡತಿಯ ತವರಿಗೆ ಕಳಿಸಿಬಿಟ್ಟ. ಇನ್ನು ಬಂದವರಿಗೆ ಇಲ್ಲವೆನ್ನಲು ನಾಚಿಕೆ. ಆ ವಾರವಷ್ಟೇ ಹಗೇವು ತೆಗೆದಿದ್ದರು. ನೆಲದೊಳಗಿನ ಆ ಕಣಜದಲ್ಲಿ ಬಹಳ ದಿನ ಇದ್ದ ಜೋಳಕ್ಕೆ ಕಾವು ಹೊಡೆದಿರುತ್ತದೆ. ರೊಟ್ಟಿಗೆ ಸೈ, ಬಿತ್ತಿದರೆ ಮೊಳೆಯುವುದಿಲ್ಲ. ನಮ್ಮ ಕಡೆ ಇದು ಗೊತ್ತಿಲ್ಲದ ಒಕ್ಕಲಿಗನಿಲ್ಲ. ಮೈದುನ ಅದನ್ನೇ ಬೂದಿಯಲ್ಲಿ ಹೊರಳಿಸಿ, ನನ್ನ ಬೀಜವೆಂದು ಅಳೆದು ಕೊಟ್ಟ. ನಾನು ಮರಳಿದ ದಿನ ಇದನ್ನೆಲ್ಲ ತಿಳಿಸಿದವರು ನನ್ನ ಗಂಡ. "ನಾ ಬ್ಯಾಡ ಅಂದ್ನಿ, ಕೇಳಲಿಲ್ಲ" ಎಂದರು.

ನಾಲ್ಕನೇ ದಿನ ಸಾಲಹಳ್ಳಿಯ ಹೆಂಗಸೊಬ್ಬಳು ಗಂಡನೊಡನೆ ಬಂದಳು. ಪ್ರತಿ ವರ್ಷ ಬೀಜ ಒಯ್ಯುತ್ತಿದ್ದವಳು. ಹೊಲದಿಂದ ಕೆದರಿ ತಂದ ಕಾಳುಗಳನ್ನು ಕಟ್ಟೆಯ ಮೇಲಿಟ್ಟಳು. ಒಂದೂ ಮೊಳೆತಿರಲಿಲ್ಲ.

"ಹೊಲಾ ಬಯಲಾಗೇತ್ರಿ ಅಕ್ಕಾರ. ಹದಾ ಹೋತು. ನಿಮ್ಮ ಹೆಸರಿನ ಮ್ಯಾಲ ಒಯ್ದಿದ್ವಿ."

"ನಾ ಊರಾಗ ಇದ್ದಿದ್ದಿಲ್ಲವ್ವಾ" ಎಂದೆ.

ಮೈದುನ ಕಂಬಕ್ಕೆ ಒರಗಿಕೊಂಡೇ ಹೇಳಿದ: "ವೈನಿ ಹೋಗುಮುಂದ ತಗದಿಟ್ಟು ಹೋಗಿದ್ರು. ನಾ ಬರೇ ಅಳದ ಕೊಟ್ಟೇನಿ."

ನಾನು ಗಂಡನ ಕಡೆ ತಿರುಗಿದೆ. "ಹೇಳ್ರಲ್ಲ ನೀವರ!"

ಅವರು ಅಡಕೆ ಕತ್ತರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ಯಾರ ಕೈಲೆ ಆದ್ರೇನು, ತಪ್ಪ ಆಗೇತಿ. ಹೋಗ್ಲಿ ಬಿಡು" ಎಂದರು. ಅಷ್ಟು ಸಾಕಿತ್ತು, ತಪ್ಪು ನನ್ನ ಮೇಲೆ ಬಂದು ಕೂತಿತು. ಆ ಹೆಂಗಸು ಬೈಯಲಿಲ್ಲ. ನೀರು ಕೊಟ್ಟರೆ ಬೇಡವೆಂದು ಹೋದಳು.

ಗಂಡ ಒಳಗೆ ಬಂದಾಗ, ಯಾಕೆ ನಿಜ ಹೇಳಲಿಲ್ಲವೆಂದು ಕೇಳಿದೆ. "ತಮ್ಮನ ಮರ್ಯಾದಿ ಹೋಗತಿತ್ತು" ಎಂದರು.

"ನಂದು?"

"ನೀ ಮನ್ಯಾಗ ಇರಾಕಿ. ನಿನ್ನ ಹೆಸರ ತಗೊಂಡ ಏನ ಮಾಡೂದೈತಿ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ದೊಣ್ಣೆ ಹಿಡಿದ ಮೈದುನನ ಮೇಲೆ ನನಗೆ ಬರೀ ಸಿಟ್ಟಿತ್ತು. ಅವನಿಂದ ನಾನು ಹೆಚ್ಚೇನೂ ಬಯಸಿರಲಿಲ್ಲ. ನೋವಾದದ್ದು ಗಂಡನಿಂದ. ನನ್ನ ಎದುರು ನಿಜ ಹೇಳಿದ ಬಾಯಿಯೇ ಜನರ ಎದುರು ಮುಚ್ಚಿಕೊಂಡಿತಲ್ಲ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಅವರಿಗೆ ರೊಟ್ಟಿ ಬಡಿದು ಹಾಕಿದ್ದೇನೆ, ಜ್ವರ ಬಂದಾಗ ತಲೆಗೆ ತಣ್ಣೀರ ಪಟ್ಟಿ ಹಾಕಿದ್ದೇನೆ. ಆದರೆ ಕ್ಷಮಿಸಿಲ್ಲ.

ಮರುವರ್ಷ ಬೀಜ ಕೇಳಿ ಬಂದವರು ಮೂರೇ ಮನೆಯವರು. ಸಾಲಹಳ್ಳಿಯವಳು ಬಂದದ್ದು ನೋಡಿ ನನಗೆ ಅಳುವೇ ಬಂತು. ಗುಡಾಣದ ಬಾಯಿ ಬಿಚ್ಚತೊಡಗಿದೆ. ಆಕೆ ತಡೆದಳು.

"ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ಮೊದ್ಲ ಹತ್ತ ಕಾಳ ಕೊಡ್ರಿ. ಹಸಿ ಅರಿವ್ಯಾಗ ಕಟ್ಟಿ ನೋಡತೇನಿ."

ಎಣಿಸಿ ಕೊಟ್ಟೆ. ವಾರದ ಮೇಲೆ ನಗುತ್ತ ಬಂದಳು. ಹತ್ತಕ್ಕೆ ಹತ್ತೂ ಮೊಳೆತಿದ್ದವು. ಬೀಜ ಒಯ್ದಳು, ಬೆಳೆಯೂ ಚೆನ್ನಾಗಿ ಬಂತು. ಅದರ ಮುಂದಿನ ವರ್ಷವೂ ಬಂದಳು. ಕೂತು, ನೀರು ಕುಡಿದು, ಮೊದಲು ಹತ್ತು ಕಾಳು ಕೇಳಿದಳು.